ಈ ಹೆಸರಿನಲ್ಲಿ ಈಗಾಗಲೇ ಒಬ್ಬರಿದ್ದಾರೆ

ತಾನು ಸುಳ್ಳು ಹೇಳುತ್ತಿಲ್ಲ ಎಂದು ಕಂಪ್ಯೂಟರಿಗೆ ಹೇಗೆ ಹೇಳುವುದೆಂದು ಲೀಲಾಕ್ಷಿಗೆ ತಿಳಿಯಲಿಲ್ಲ. ಹೆಸರು ಹಾಕಿದ್ದಳು, ಹುಟ್ಟಿದ ತಾರೀಕು ಹಾಕಿದ್ದಳು, ಹೆಣ್ಣು ಎಂಬಲ್ಲಿ ಗುರುತು ಮಾಡಿದ್ದಳು, ವಿಳಾಸಕ್ಕೆ ದೋಹಾ, ಮದೀನತ್ ಖಲೀಫಾ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದಳು. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಉತ್ತರ ಬಂತು. ಈ ಹೆಸರಿನಲ್ಲಿ ಈಗಾಗಲೇ ಒಬ್ಬರಿದ್ದಾರೆ. ಒಬ್ಬರಿಗೆ ಒಂದೇ ಖಾತೆ, ಒಂದು ಮನೆಗೆ ಒಂದೇ ಖಾತೆ. ಅವಳು ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಒಳಗಿನ ಕೋಣೆಯಲ್ಲಿ ಗಂಡ ಯಜ್ಞೇಶ್ ಶುಕ್ರವಾರದ ಊಟ ಮುಗಿಸಿ ಮಲಗಿದ್ದ, ಎ.ಸಿ.ಯ ಸದ್ದಿನ ಅಡಿಯಲ್ಲಿ ಅವನ ಗೊರಕೆ ಕೇಳಿಸುತ್ತಿತ್ತು. ಅಡುಗೆಮನೆಯಲ್ಲಿ ಹಮೂರು ಮೀನಿನ ಪಾತ್ರೆ ತೊಳೆಯದೆ ಬಿದ್ದಿತ್ತು. ತಾನೇ ಯಾವತ್ತೋ ಈ ಸೈಟಿಗೆ ಬಂದು, ಹೆಸರು ಕೊಟ್ಟು, ಮರೆತುಬಿಟ್ಟೆನೋ? ಈಚೆಗೆ ಮರೆವು ಜಾಸ್ತಿಯಾಗಿತ್ತು. ಒಲೆ ಆರಿಸಿದೆನೋ ಇಲ್ಲವೋ ಎಂದು ಬಾಗಿಲಿಂದ ಮರಳಿ ಬರುವವಳು, ಹೆಸರು ಕೊಟ್ಟದ್ದನ್ನು ಮರೆಯುವುದು ದೊಡ್ಡದೇನಲ್ಲ. ಆದರೆ ಈ ಕಂಪ್ಯೂಟರನ್ನು ಅವಳು ಸರಿಯಾಗಿ ಮುಟ್ಟಲು ಶುರುಮಾಡಿದ್ದೇ ಈ ವಾರ. ಮಗಳು ಗ್ರೀಷ್ಮಾ ಸುರತ್ಕಲ್ಲಿಗೆ ಓದಲು ಹೋದ ಮೇಲೆ ಅದು ಹಾಲಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಕೂತಿತ್ತು ಎಂದು ಅವಳು ಅಂದುಕೊಂಡಿದ್ದಳು.

ಈ ಆಟದ ಸೈಟಿಗೆ ಬರಬೇಕಾಗಿ ಬಂದದ್ದು ಕಳೆದ ಶುಕ್ರವಾರದಿಂದ. ದೋಹಾದಲ್ಲಿರುವ ಊರವರ ಸಂಘದ ಪಿಕ್‌ನಿಕ್ಕು, ಅಲ್ ಅಜೀಜಿಯಾದಲ್ಲಿ ಯಾರದೋ ವಿಲ್ಲಾದ ಅಂಗಳದಲ್ಲಿ. ಚಳಿಗಾಲದ ಬಿಸಿಲು ಹಿತವಾಗಿತ್ತು, ಕೋಳಿ ಸುಕ್ಕ ಖಾಲಿಯಾಗಿತ್ತು, ಗಂಡಸರು ಕುರ್ಚಿಗಳನ್ನು ನೆರಳಿಗೆ ಎಳೆದುಕೊಂಡಿದ್ದರು. ಕಜೆತಾನ್ ಮೈಕು ಹಿಡಿದು ಹೌಸಿಯ ನಂಬರು ಕೂಗುತ್ತಿದ್ದ. ಹೌಸಿ ಬಂದರೆ ಲೀಲಾಕ್ಷಿಗೆ ಬೇರೆ ಯಾವುದೂ ಬೇಡ. ನಂಬರುಗಳು ಒಂದೊಂದಾಗಿ ಅವಳ ಟಿಕೆಟ್ಟಿಗೇ ಬರುತ್ತಿದ್ದವು, ಯಾರೋ ಅವಳನ್ನೇ ಹುಡುಕಿಕೊಂಡು ಬಂದ ಹಾಗೆ. ಕೊನೆಯದು ಬಂದಾಗ ಎದ್ದು ನಿಂತು ಕೈ ಮೇಲೆತ್ತಿ "ಹೌಸ್!" ಎಂದು ಕೂಗಿಬಿಟ್ಟಳು. ಇಷ್ಟು ದೊಡ್ಡ ಸ್ವರ ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಕಜೆತಾನ್ ಮೈಕಿನಲ್ಲೇ ನಕ್ಕ. "ಅಯ್ಯೋ ಲೀಲಾಕ್ಷಿಯಕ್ಕ, ನೀವು ಕೂಗುವ ಹಾಗಿಲ್ಲ ಮಾರಾಯ್ರೆ! ನೀವು ಖಜಾಂಚಿಯವರ ಮನೆಯವರಲ್ವಾ? ಆಡಬಹುದು, ಗೆಲ್ಲುವ ಹಾಗಿಲ್ಲ. ಖಲಾಸ್, ಲೀಲಾಕ್ಷಿಯಕ್ಕನ ಟಿಕೆಟ್ ಲೆಕ್ಕಕ್ಕಿಲ್ಲ, ಮುಂದಿನ ನಂಬರು..." ಹಿಂದಿನಿಂದ ಯಾರೋ ಹೆಂಗಸು, "ಅವರಿಗೆಂತಕ್ಕೆ ಬಹುಮಾನ, ಸಂಘದ ಪೆಟ್ಟಿಗೆಯೇ ಅವರ ಮನೆಯಲ್ಲುಂಟು" ಎಂದಳು. ಎಲ್ಲರೂ ನಕ್ಕರು. ಅದು ಕೆಟ್ಟ ನಗುವಲ್ಲ, ಊಟ ಜಾಸ್ತಿಯಾದವರ ನಗು. ಲೀಲಾಕ್ಷಿಯ ಕೈ ಮಾತ್ರ ಇನ್ನೂ ಮೇಲೆಯೇ ಇತ್ತು. ಅದನ್ನು ಹೇಗೆ ಇಳಿಸುವುದೆಂದು ತಿಳಿಯದೆ ತಲೆಗೂದಲು ಸರಿಮಾಡಿಕೊಳ್ಳುವವಳಂತೆ ಇಳಿಸಿದಳು. ಖಜಾಂಚಿ ಯಜ್ಞೇಶ್ ತನ್ನ ಪೇಪರ್ ಪ್ಲೇಟನ್ನು ಮಡಚಿ, ಮತ್ತೆ ಮಡಚಿ, ಇನ್ನು ಮಡಚಲಾಗದಷ್ಟು ಸಣ್ಣದು ಮಾಡುತ್ತಿದ್ದ. ವಾಪಸು ಬರುವಾಗ ಕಾರಿನಲ್ಲಿ ಒಂದೇ ಮಾತು ಹೇಳಿದ್ದ: "ನಿಯಮ ಮಾಡಿದ್ದೇ ನಾನು. ನಿನಗೆ ಗೊತ್ತಿತ್ತಲ್ಲ." ಗೊತ್ತಿತ್ತು. ಗೊತ್ತಿದ್ದೂ ಕೂಗಿದ್ದಕ್ಕೆ ನಾಚಿಕೆಯೋ, ಕೂಗಿದ್ದು ಲೆಕ್ಕಕ್ಕಿಲ್ಲದೆ ಹೋದದ್ದಕ್ಕೆ ಸಿಟ್ಟೋ ಎಂದು ವಾರವಿಡೀ ಪಾತ್ರೆ ತಿಕ್ಕುತ್ತಾ ಯೋಚಿಸಿದ್ದಳು, ಬಗೆಹರಿದಿರಲಿಲ್ಲ.

ಕೆಳಗಿನ ಮನೆಯ ಲೊರ್ನಾ ದಾರಿ ತೋರಿಸಿದಳು. ಒಂದೇ ವಿಲ್ಲಾವನ್ನು ಪ್ಲೈವುಡ್ ಹೊಡೆದು ಸಂಸಾರಗಳಿಗೆ ಹಂಚಿದ ಮನೆ ಅದು. ಕೆಳಗೆ ಲೊರ್ನಾ, ಮೇಲೆ ಇವರು. "ಎಂತಕ್ಕೆ ಮುಖ ಊದಿಸಿಕೊಂಡು ಕೂತದ್ದು ಲೀಲಕ್ಕ? ನೆಟ್ಟಿನಲ್ಲಿ ಆಡಿ. ಅದೇ ಹೌಸಿ, ಬಿಂಗೋ ಅಂತಾರೆ. ದುಡ್ಡಿನ ರೂಮಿಗೆ ಹೋಗಬೇಡಿ, ಇಲ್ಲಿ ಅದು ಹರಾಮು, ಸಿಕ್ಕಿದರೆ ಫಸ್ಟ್ ಫ್ಲೈಟಿಗೆ ಊರು. ಪುಕ್ಕಟೆ ಟಿಕೆಟ್ಟಿನ ರೂಮು ಉಂಟು, ಬರೀ ಪಾಯಿಂಟು. ಅಲ್ಲಿ ನಿಮ್ಮ ಗಂಡ ಯಾರು ಅಂತ ಯಾರೂ ಕೇಳುವುದಿಲ್ಲ." ಆ ಕೊನೆಯ ಮಾತೇ ಅವಳಿಂದ ಕಂಪ್ಯೂಟರಿನ ಹೊದಿಕೆ ತೆಗೆಸಿ ಅದರ ಮುಂದೆ ಕೂರಿಸಿದ್ದು.

ಕೆಂಪು ಅಕ್ಷರದ ಕೆಳಗೆ ಇನ್ನೊಂದು ಸಾಲಿತ್ತು. ಅದು ನೀವೇ ಆಗಿದ್ದರೆ ನಿಮ್ಮ ತಾಯಿಯ ಹೆಸರು ಹೇಳಿ. ಅವಳಿಗೆ ಸಣ್ಣ ಭಯವಾಯಿತು. ಅಮ್ಮನ ಹೆಸರು ಈ ದೇಶದಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಪೂವಕ್ಕ ಎಂದು ಒತ್ತಿದಳು, ತಪ್ಪಾಗಲಿ ಎಂದು ಬೇಡಿಕೊಂಡೇ ಒತ್ತಿದಳು. ಸೈಟಿನ ಬಾಗಿಲು ತೆರೆಯಿತು. ಬಣ್ಣಬಣ್ಣದ ಚೆಂಡುಗಳು ಉರುಳಿದವು, 'ಮತ್ತೆ ಸ್ವಾಗತ, ಲೀಲಾಕ್ಷಿ' ಎಂದಿತು. ಅಂದರೆ ನಾನೇ ಹೌದೇ? ಬಲಗಡೆ ಉದ್ದದ ಪಟ್ಟಿಯಲ್ಲಿ ಆಟಗಾರರು ಟೈಪು ಮಾಡುತ್ತಾ ಹರಟುತ್ತಿದ್ದರು, ಇಂಗ್ಲೆಂಡಿನ ಯಾವ್ಯಾವುದೋ ಊರಿನ ಹೆಂಗಸರು, ಬಣ್ಣದ ಹೆಸರುಗಳು. ಅವಳ ಹೆಸರು ಪಟ್ಟಿಗೆ ಬಿದ್ದದ್ದೇ ತಡ, ಎಲ್ಲರೂ ಅವಳತ್ತ ತಿರುಗಿದಂತಾಯಿತು. "ಓ ನಮ್ಮ ಲೀಲಾ! ಇವತ್ತು ಗುರುವಾರ ಅಲ್ಲವಲ್ಲೇ ಚಿನ್ನ!" ಎಂದಳು ಟೀಪಾಟ್ ಎಂಬ ಹೆಸರಿನವಳು. ಸಂಡೇರೋಸ್ ಎಂಬವಳು ಗುಲಾಬಿ ಹೂವಿನ ಚಿತ್ರ ಹಾಕಿದಳು. "ಹೇಗಿದ್ದಿ? ನಿದ್ದೆ ಬರುತ್ತಾ ಈಗ? ಅವನಿಲ್ಲದೆ ಶುಕ್ರವಾರಗಳು ಕಷ್ಟ, ನನಗೆ ಗೊತ್ತು. ನನ್ನವನು ಹೋದ ಮೇಲೆ ನನಗೂ ರಜೆಯ ದಿನವೇ ಕಷ್ಟವಾಗಿದ್ದು."

ಲೀಲಾಕ್ಷಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಬಿ.ಎ. ಮಾಡುವಾಗ ಇಂಗ್ಲಿಷಿನಲ್ಲಿ ಹೇಗೋ ಪಾಸಾದವಳು, ತನಗೇ ಅರ್ಥವಾಗುತ್ತಿಲ್ಲವೆಂದುಕೊಂಡಳು. ಅವನಿಲ್ಲದೆ ಎಂದರೆ ಊರಿಗೆ ಹೋದವನು ಎಂದೂ ಇರಬಹುದಲ್ಲ. ಆದರೆ ಅವರು ನಿಲ್ಲಿಸಲಿಲ್ಲ. ಹೊಸಬಳೊಬ್ಬಳು ರೂಮಿಗೆ ಬಂದಿದ್ದಳೆಂದು ಕಾಣುತ್ತದೆ, ಟೀಪಾಟ್ ಅವಳಿಗೆ ಪರಿಚಯ ಮಾಡಿಸತೊಡಗಿದಳು, ಮದುವೆ ಮನೆಯಲ್ಲಿ ಮೂಲೆಯಲ್ಲಿ ಕೂತವಳ ಕತೆಯನ್ನು ಅವಳೆದುರೇ ಇನ್ನೊಬ್ಬಳಿಗೆ ಹೇಳುವ ಹಾಗೆ. "ಇವಳು ನಮ್ಮ ಲೀಲಾ, ಕತಾರಿನವಳು. ಗಂಡ ಕಳೆದ ವರ್ಷ ಹೋದ, ಪಾಪ. ಎಂಥ ಮನುಷ್ಯ ಗೊತ್ತಾ? ಅಲ್ಲಿ ಬೇಸಿಗೆಯಲ್ಲಿ ಕಾರಿನ ಸೀಟು ಕಾದ ಹೆಂಚಿನ ಹಾಗಾಗುತ್ತದಂತೆ. ಹೊರಗೆ ಹೋಗುವ ದಿನ ಅವನು ಮೊದಲೇ ಕೆಳಗಿಳಿದು, ಬಿಸಿಲಿನಲ್ಲಿ ಕೂತು, ಕಾರು ತಂಪು ಮಾಡಿ ಆಮೇಲೆ ಇವಳನ್ನು ಕರೆಯುತ್ತಿದ್ದನಂತೆ. ಒಂದು ದಿನವೂ ಹೇಳಿಕೊಂಡವನಲ್ಲ." ಹೊಸಬಳು ಕಣ್ಣೀರಿನ ಚಿತ್ರ ಹಾಕಿದಳು. ಯಜ್ಞೇಶ್ ಕೆಳಗಿಳಿಯುವುದು ನಿಜ, ಯಾವಾಗಲೂ ಮೊದಲೇ ಇಳಿಯುತ್ತಿದ್ದ. ಲೀಲಾಕ್ಷಿ ಸೀರೆಯ ನೆರಿಗೆ ಹಿಡಿಯುತ್ತಾ, 'ಇವರಿಗೆ ನನ್ನ ಜೊತೆ ಮೆಟ್ಟಿಲಿಳಿಯುವಷ್ಟೂ ತಾಳ್ಮೆ ಇಲ್ಲ' ಎಂದುಕೊಳ್ಳುತ್ತಿದ್ದಳು. ಕೆಳಗಿನಿಂದ ಹಾರ್ನು ಕೇಳಿದರೆ ಬೇಕೆಂದೇ ಇನ್ನೊಮ್ಮೆ ಕನ್ನಡಿ ನೋಡುತ್ತಿದ್ದಳು. ಆ ಹಾರ್ನಿಗೆ ಇಷ್ಟು ವರ್ಷ ಒಂದೇ ಅರ್ಥವಿತ್ತು. ಸೀಟು ಬಿಸಿಯಾಗಿತ್ತೇ ತಣ್ಣಗಿತ್ತೇ ಎಂದು ನೆನಪು ಮಾಡಿಕೊಳ್ಳಲು ಹೋದಳು, ಬೆನ್ನಿಗೆ ಯಾವ ನೆನಪೂ ಇರಲಿಲ್ಲ. ತಣ್ಣಗಿದ್ದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಏನೂ ತೋಚದೆ ಅವಳು ಅಕ್ಷರ ಹುಡುಕಿ ಒತ್ತಿದಳು: ಯಾರು ಸತ್ತದ್ದು?

ಹರಟೆ ನಿಂತುಹೋಯಿತು. ಆಟದ ನಂಬರುಗಳು ಮಾತ್ರ ತಮ್ಮಷ್ಟಕ್ಕೆ ಬೀಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಬೇರೊಂದು ಸಣ್ಣ ಕಿಟಕಿ ತೆರೆದುಕೊಂಡಿತು. ಅದರಲ್ಲಿ ಮಾತಾಡಿದವಳು ಎಲೈಜಾ, ಆ ರೂಮನ್ನು ನೋಡಿಕೊಳ್ಳುವವಳು. ಅವಳು ತುಂಬ ಮರ್ಯಾದೆಯಿಂದ ಕೇಳಿದಳು: ಈ ಖಾತೆ ನಿಮ್ಮದೇ? ಲೀಲಾಕ್ಷಿ ನಿಜವನ್ನೇ ಬರೆದಳು. ಹೆಸರು ನನ್ನದು, ತೆರೆದದ್ದು ನಾನಲ್ಲ, ನನ್ನ ಗಂಡ ಒಳಗೆ ಮಲಗಿದ್ದಾರೆ. ಎಲೈಜಾ ಈಗಲೂ ಮರ್ಯಾದೆಯಿಂದಲೇ ವಿವರಿಸಿದಳು. ಹಾಗಾದರೆ ಸುಳ್ಳು ಮಾಹಿತಿಯ ನಿಯಮ ಮುರಿದಿದೆ, ಒಬ್ಬರ ಹೆಸರನ್ನು ಇನ್ನೊಬ್ಬರು ಬಳಸಬಾರದೆಂಬ ನಿಯಮವೂ ಮುರಿದಿದೆ. ಈ ಹೆಸರು ಮತ್ತು ಈ ಮನೆಯ ಇಂಟರ್ನೆಟ್ ಲೈನು ಎರಡಕ್ಕೂ ನಮ್ಮ ಎಲ್ಲ ಸೈಟುಗಳಲ್ಲಿ ಕಾಯಂ ಬಾಗಿಲು ಮುಚ್ಚುತ್ತದೆ, ಇದಕ್ಕೆ ಅಪೀಲು ಇಲ್ಲ. ಲೀಲಾಕ್ಷಿ ಕೇಳಿದಳು: ತಪ್ಪು ಮಾಡಿದ್ದು ಬೇರೆಯವರು, ನನ್ನ ಹೆಸರನ್ನು ಯಾಕೆ ಮುಚ್ಚುತ್ತೀರಿ? ಉತ್ತರ ಬಂತು: ನಮ್ಮಲ್ಲಿರುವುದು ಹೆಸರು ಮಾತ್ರ, ಮೇಡಂ. ನಾನು ಹೊಸದಾಗಿ ಸೇರಬಹುದೇ? ಇಲ್ಲ, ನೀವು ಈಗಾಗಲೇ ಇದ್ದೀರಿ. ಹಾಗಾದರೆ ಇದನ್ನು ನಾನೇ ಮುಚ್ಚಿಬಿಡಬಹುದೇ? ಇಲ್ಲ, ನಿಮ್ಮ ದುಃಖದ ಸಮಯದಲ್ಲಿ ಗೆಳತಿಯರು ಕೊಟ್ಟ ಪಾಯಿಂಟುಗಳು ಇನ್ನೂ ಉಳಿದಿವೆ, ಅವನ್ನು ಆಡಿ ಮುಗಿಸುವವರೆಗೆ ಮುಚ್ಚುವಂತಿಲ್ಲ. ಆಮೇಲೆ ಎಲೈಜಾ, ಸ್ವಲ್ಪ ಸ್ವರ ತಗ್ಗಿಸಿದ ಹಾಗೆ, ಹೀಗೂ ಬರೆದಳು: ಈಗ ನೀವು ಹೇಳಿದ್ದನ್ನು ನಾನು ಗಲಿಬಿಲಿ ಎಂದು ಬಿಡುತ್ತೇನೆ. ದುಃಖದಲ್ಲಿರುವವರು ಹೀಗೆ ಮಾತಾಡುವುದುಂಟು. ಸಂಜೆ ನಾನು ಹೋಗುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಕೊಡಿ, ಅದನ್ನೇ ದಾಖಲಿಸುತ್ತೇನೆ. ನಿಮ್ಮ ಗಂಡ ಬದುಕಿದ್ದಾರೆಯೇ? ಹೌದು ಅಥವಾ ಇಲ್ಲ.

ಅವಳು ಎದ್ದು ಒಳಕೋಣೆಯ ಬಾಗಿಲಲ್ಲಿ ನಿಂತಳು. ಯಜ್ಞೇಶ್ ಅಂಗಾತ ಮಲಗಿದ್ದ, ಬಾಯಿ ತೆರೆದಿತ್ತು, ಬನಿಯನು ಹೊಟ್ಟೆಯ ಮೇಲೆ ಸರಿದಿತ್ತು. ಅವನನ್ನು ಇಷ್ಟು ಹೊತ್ತು ನೋಡಿ ಎಷ್ಟೋ ಕಾಲವಾಗಿತ್ತು. ಒಂದು ಕ್ಷಣ ಗೊರಕೆ ನಿಂತಿತು, ಅವಳ ಉಸಿರೂ ನಿಂತಿತು. ಮತ್ತೆ ಶುರುವಾದಾಗ ಸಮಾಧಾನವಾಯಿತೋ ಬೇಸರವಾಯಿತೋ ಎಂದು ತನ್ನನ್ನೇ ಕೇಳಿಕೊಂಡು ಹೆದರಿದಳು. ಕಳೆದ ವರ್ಷ ಎಂದರೆ ಆ ಜುಲೈ ಇರಬೇಕು. ಬೇಸಿಗೆಗೆ ಎಲ್ಲರ ಮನೆಯ ಹೆಂಗಸರು ಮಕ್ಕಳು ಊರಿಗೆ ಹೋಗಿ, ಗಂಡಸರು ಮಾತ್ರ ಉಳಿದು, ಮದೀನತ್ ಖಲೀಫಾದ ಮನೆಗಳೆಲ್ಲ ಹೋಟೆಲಿನ ಪಾರ್ಸೆಲ್ಲಿನ ವಾಸನೆ ಹೊಡೆಯುವ ತಿಂಗಳು. ಗ್ರೀಷ್ಮಾಳ ಕಾಲೇಜಿನ ಗಡಿಬಿಡಿಯಲ್ಲಿ ಅವಳು ಕಾಪುವಿನ ತವರುಮನೆಯಲ್ಲಿದ್ದಳು. ಯಜ್ಞೇಶ್ ಫೋನು ಮಾಡುತ್ತಿದ್ದ. ಊಟ ಆಯಿತಾ? ಆಯಿತು. ಸೆಕೆಯಾ? ಸೆಕೆ. ಫೋನು ಗ್ರೀಷ್ಮಾಳಿಗೆ ಹೋಗುತ್ತಿತ್ತು, ಅವಳಿಂದ ಪೂವಕ್ಕನಿಗೆ, ಪೂವಕ್ಕನಿಂದ ಮತ್ತೆ ಇವಳಿಗೆ ಬರುವಷ್ಟರಲ್ಲಿ ಫೋನಿನ ಕಾರ್ಡು ಮುಗಿದು ಕಟ್ಟಾಗುತ್ತಿತ್ತು. ಕಟ್ಟಾದದ್ದಕ್ಕೆ ಯಾರೂ ಬೇಸರ ಮಾಡುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಇವನು ಹಾಲಿಗೆ ಬಂದು, ಕಂಪ್ಯೂಟರಿನ ಬಟ್ಟೆ ಸರಿಸಿ, ಲೀಲಾಕ್ಷಿಯಾಗಿ ಕೂತು, ತಾನು ಸತ್ತೆನೆಂದು ಹೇಳಿದನೇ? ಅವಳು ಆ ಕುರ್ಚಿಯಲ್ಲಿ ಅವನನ್ನು ಕೂರಿಸಿ ನೋಡಲು ಯತ್ನಿಸಿದಳು. ಕೂತವನ ಮುಖ ಕಾಣಲಿಲ್ಲ, ತನ್ನ ಮುಖವೇ ಕಾಣುತ್ತಿತ್ತು.

ಅವನು ಎದ್ದು ಮುಖ ತೊಳೆದು ಬಂದಾಗ ಚಹಾ ಕೊಟ್ಟಳು. ಪರದೆ ಬೆಳಗುತ್ತಲೇ ಇತ್ತು. ಅವನ ಕಣ್ಣು ಅದರ ಮೇಲೆ ಬಿತ್ತು, ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಲೊರ್ನಾ ಹೇಳಿದ್ದಾ?" ಎಂದ.

"ಲೊರ್ನಾ ಹೌಸಿ ಅಂತ ಹೇಳಿದಳು. ನನ್ನ ಗಂಡ ಸತ್ತ ಅಂತ ಹೇಳಲಿಲ್ಲ."

ಅವನು ಸೋಫಾದ ತುದಿಯಲ್ಲಿ ಕೂತ. ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು, ನೀರು ಬೀಳುವ ಸದ್ದು.

"ನನ್ನ ಹೆಸರು ಯಾಕೆ?" ಅವಳು ಕೇಳಿದಳು.

"ನನ್ನ ಹೆಸರು ಹಾಕುವ ಹಾಗಿದೆಯಾ ಮಾರಾಯ್ತಿ? ಸಂಘದ ಖಜಾಂಚಿ ಬಿಂಗೋ ಆಡ್ತಾನೆ ಅಂತ ಆಗಬೇಕಾ? ನಿನ್ನ ಜನ್ಮ ತಾರೀಕು ನನಗೆ ಬಾಯಿಪಾಠ, ಪ್ರತಿ ಸಲ ವೀಸಾಕ್ಕೆ ನಾನೇ ತುಂಬಿಸುವುದಲ್ವಾ. ಕೈ ತನ್ನಿಂದ ತಾನೇ ಬರೀತು."

"ಹುಟ್ಟಿದ ದಿನಕ್ಕೆ ಒಂದು ಸಲವೂ ನೆನಪಾಗಿಲ್ಲ."

"ಅದು ಬೇರೆ."

"ಮತ್ತೆ ಸತ್ತದ್ದು?"

ಅವನು ಚಹಾದ ಕೆನೆಯನ್ನು ಬೆರಳಿನಿಂದ ಸರಿಸಿದ. ಲೆಕ್ಕ ಒಪ್ಪಿಸುವಾಗಿನ ಸ್ವರದಲ್ಲೇ ಹೇಳಿದ. "ಮೊದಲು ಯಾರೂ ಮಾತಾಡಲಿಲ್ಲ. ನಾನು ಹಲೋ ಹಾಕಿದರೆ ಅವರಷ್ಟಕ್ಕೆ ಅವರು. ಎರಡು ವಾರ ಆಫೀಸಿನಲ್ಲಿಯೂ ಯಾರೂ ಇರಲಿಲ್ಲ, ಮನೆಯಲ್ಲಿಯೂ ಯಾರೂ ಇರಲಿಲ್ಲ. ಒಂದು ದಿವಸ ಹಾಕಿಬಿಟ್ಟೆ, ಗಂಡ ತೀರಿಕೊಂಡ ಅಂತ. ಎಲ್ಲರೂ ಬಂದರು. ರಾಶಿ ಜನ ಲೀಲಾ. ನಾಳೆಯೂ ಬಾ ಅಂದರು. ಅವನು ಹೇಗಿದ್ದ ಅಂತ ಕೇಳಿದರು."

"ಹೇಗಿದ್ದ?"

"ಹೇಳಿದೆ, ಏನೇನೋ."

"ಕಾರು ತಂಪು ಮಾಡುವುದು?"

ಅವನ ಕಿವಿ ಕೆಂಪಾಯಿತು. ಸಂಘದ ಲೆಕ್ಕದಲ್ಲಿ ತಪ್ಪು ಹಿಡಿದರೂ ಅವನ ಕಿವಿ ಹೀಗಾಗುವುದಿಲ್ಲ. "ಅದು ಸುಳ್ಳಲ್ಲ," ಎಂದ.

ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು, ಅದೇ ತೊಂದರೆಯಾಗಿತ್ತು. ಸುಳ್ಳಾಗಿದ್ದರೆ ಕಿರುಚಬಹುದಿತ್ತು. ಅವಳು ಎಂದೂ ಹೇಳದ ಉಪಕಾರದ ಮಾತನ್ನು ಅವಳ ಹೆಸರಿನಲ್ಲಿ ತನಗೆ ತಾನೇ ಹೇಳಿಕೊಂಡ ಈ ಮನುಷ್ಯನ ಮೇಲೆ ಸಿಟ್ಟು ಮಾಡುವುದೋ, ಹೇಳದೆ ಉಳಿದ ತನ್ನ ಮೇಲೆಯೋ? ಪ್ರತಿ ಗುರುವಾರ ಅವಳು ಭಜನೆಗೆ ಹೋಗಿ ತಾಳ ತಟ್ಟುತ್ತಿದ್ದಾಗ ಇಲ್ಲಿ ಇನ್ನೊಬ್ಬ ಲೀಲಾಕ್ಷಿ, ಗಂಡನನ್ನು ಇಷ್ಟಪಟ್ಟಿದ್ದ ಲೀಲಾಕ್ಷಿ, ಕಣ್ಣೀರು ಹಾಕುತ್ತಿದ್ದಳು. ಅವಳು ತನಗಿಂತ ಒಳ್ಳೆಯವಳು ಎಂದು ಅನಿಸಿತು. ಅವಳನ್ನು ಕಂಡರೆ ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು.

ಎಲೈಜಾಳ ಪ್ರಶ್ನೆಯನ್ನು ಅವನಿಗೆ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು, ನಿಯಮಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ನಿಯಮ ಓದುವಾಗ ಅವನಿಗೆ ಯಾವಾಗಲೂ ಧೈರ್ಯ ಬರುತ್ತಿತ್ತು.

"ಇಲ್ಲ ಅಂತ ಹಾಕು," ಎಂದ. "ಹೌದು ಅಂದರೆ ನಿನ್ನ ಹೆಸರು ಹೋಯಿತು, ಮನೆಯ ಲೈನೂ ಹೋಯಿತು. ಇಲ್ಲ ಅಂದರೆ ಏನೂ ಹೋಗುವುದಿಲ್ಲ. ನೀನೇ ಆಡು ಇನ್ನು ಮುಂದೆ. ನಾನು ಕೂರುವುದಿಲ್ಲ." ಸ್ವಲ್ಪ ತಡೆದು, "ಗುರುವಾರ ಬೇಕಾದರೆ ಒಂದು ಸ್ವಲ್ಪ ಹೊತ್ತು," ಎಂದ.

"ನೀವು ಸತ್ತೇ ಇರುವುದಾ?"

"ಅಲ್ಲಿ ಮಾತ್ರ ಅಲ್ವಾ."

ಅವಳು ಕುರ್ಚಿಯಲ್ಲಿ ಕೂತಳು. ರೂಮಿನ ಹೆಂಗಸರು ಮತ್ತೆ ಮೆಲ್ಲಗೆ ಮಾತಾಡತೊಡಗಿದ್ದರು; ಲೀಲಾಗೆ ಇವತ್ತು ಮನಸ್ಸು ಸರಿಯಿಲ್ಲ, ಯಾರೂ ಒತ್ತಾಯ ಮಾಡಬೇಡಿ ಎಂದು ಟೀಪಾಟ್ ಹೇಳಿದ್ದಳು. ಆ ಮಾತಿಗೆ ಲೀಲಾಕ್ಷಿಯ ಕಣ್ಣು ತುಂಬಿತು. ತನ್ನ ಮನಸ್ಸು ಸರಿಯಿಲ್ಲವೆಂದು ಯಾರಾದರೂ ಹೀಗೆ ದಾರಿ ಬಿಟ್ಟು ಕೊಟ್ಟದ್ದು ನೆನಪಿರಲಿಲ್ಲ. ಇಲ್ಲ ಎಂಬ ಒಂದು ಪದ ಒತ್ತಿದರೆ ಇವರೆಲ್ಲ ತನ್ನವರಾಗುತ್ತಾರೆ. ಪಕ್ಕದಲ್ಲಿ ನಿಂತ ಮನುಷ್ಯನಿಗೂ ನಷ್ಟವಿಲ್ಲ, ಅವನೇ ಒಪ್ಪಿದ್ದಾನೆ. ಬೆರಳು ಆ ಅಕ್ಷರದ ಮೇಲೆಯೇ ಇತ್ತು.

"ಒಂದು ಕೇಳಲಾ?" ಅವಳು ತಿರುಗದೆ ಕೇಳಿದಳು. "ನನ್ನ ಬಗ್ಗೆ ಎಂತ ಹೇಳಿದ್ದೀರಿ ಇವರಿಗೆ?"

ಯಜ್ಞೇಶ್ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ, ಹಣೆ ಗಂಟಿಕ್ಕಿಕೊಂಡು. "ನಿನ್ನ ಬಗ್ಗೆ ಯಾರೂ ಕೇಳಲಿಲ್ಲ," ಎಂದ.

ಅವಳು ಹೌದು ಎಂದು ಒತ್ತಿದಳು. ಬದುಕಿದ್ದಾರೆ ಎಂದೂ ಸೇರಿಸಿ ಕಳಿಸಿದಳು.

ಧನ್ಯವಾದ, ಮೇಡಂ, ಎಂದಳು ಎಲೈಜಾ. ಸಣ್ಣ ಕಿಟಕಿ ಮುಚ್ಚಿತು. ದೊಡ್ಡದರಲ್ಲಿ ಸಂಡೇರೋಸ್ ಏನೋ ಬರೆಯುತ್ತಿದ್ದಳು, ಅರ್ಧ ಸಾಲು ಕಂಡಿತು, ಪೂರ್ತಿಯಾಗುವಷ್ಟರಲ್ಲಿ ಪರದೆ ಬಿಳಿಯಾಯಿತು. ಆಮೇಲೆ ಒಂದು ಸಾಲು: ಈ ಹೆಸರನ್ನು ಮತ್ತು ಈ ಸ್ಥಳವನ್ನು ಸ್ವೀಕರಿಸಲಾಗುವುದಿಲ್ಲ.

"ಎಂತ ಮಾಡಿದೆ ನೀನು?" ಯಜ್ಞೇಶ್ ಅವಳ ಭುಜದ ಮೇಲಿಂದ ಬಾಗಿ ಮೌಸ್ ಹಿಡಿದ. ಹಿಂದಕ್ಕೆ ಒತ್ತಿದ, ಮುಂದಕ್ಕೆ ಒತ್ತಿದ. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂತು ಅವಳ ಹೆಸರು ಹಾಕಿದ, ತಾರೀಕು ಹಾಕಿದ, ಅವಳಿಗಿಂತ ಎಷ್ಟೋ ಬೇಗ. ಆಗಲಿಲ್ಲ. ಸ್ವಂತ ಹೆಸರು ಹಾಕಿದ, ಆಗಲಿಲ್ಲ. "ಅವರಿಗೆ ಒಂದು ಮಾತು ಹೇಳಿ ಬರಬಹುದಿತ್ತು," ಎಂದ. "ಸಂಡೇರೋಸ್‌ಗೆ ಸೋಮವಾರ ಕಣ್ಣಿನ ಆಪರೇಶನ್ ಉಂಟು." ಮತ್ತೊಮ್ಮೆ ಒತ್ತಿದ. ಮೂಗನ್ನು ಅಂಗೈಯಿಂದ ಒರೆಸಿಕೊಂಡು, ಯಾರೂ ನೋಡಲಿಲ್ಲವೆಂಬಂತೆ ಮತ್ತೆ ಒತ್ತಿದ.

ಲೀಲಾಕ್ಷಿಗೆ ಗೆದ್ದ ಹಾಗೂ ಆಗಲಿಲ್ಲ, ತಪ್ಪು ಮಾಡಿದ ಹಾಗೂ ಆಗಲಿಲ್ಲ. ಊಟದ ಮೇಜಿನ ಬಳಿಯಿದ್ದ ಕುರ್ಚಿಯೊಂದನ್ನು ಎಳೆದು ತಂದಳು. ಸಾವಿನ ಮನೆಗೆ ಹೋದವರು, ಮನೆಯವರ ಪಕ್ಕದಲ್ಲಿ ಕೂತು ಏನು ಮಾತಾಡಬೇಕೆಂದು ತಿಳಿಯದೆ ಸೆರಗಿನ ತುದಿ ನೋಡುವ ಹಾಗೆ, ಅವನ ಪಕ್ಕದಲ್ಲಿ ಕೂತಳು.